ಸಂಶಯವಿಲ್ಲ ಎನ್ನಲು ನಾಲಿಗೆ ಏಳದ ದಿನ

ತೇಲೂರು, ಕಾರವಾರದಾಚೆಯ ಕಡಲು
ಕ್ರಿ.ಶ. ೨೪೧೬, ಹದಿಮೂರನೆಯ ತಿಂಗಳು

ಹಿರಿಯಜ್ಜಿ ಶಾಂಭವಮ್ಮನವರಿಗೆ ಶರಣು.

ನಿಮ್ಮ ಕಾಲದಲ್ಲಿ ಈ ತಿಂಗಳು ಇರಲಿಲ್ಲವೆಂದು ಬಲ್ಲೆ. ನನ್ನ ಕನ್ನಡವೂ ನಿಮಗೆ ವಿಚಿತ್ರವೆನಿಸೀತು, ಮನ್ನಿಸಿ. ನಾನು ನಿಮ್ಮ ವಂಶದವಳೇ, ನಿಮಗಿಂತ ಹಲವು ತಲೆಮಾರು ಆಮೇಲೆ ಹುಟ್ಟಿದ ಮುಕ್ತವ್ವ.

ನಾವೆಲ್ಲ ಕ್ಷೇಮ. ನಮ್ಮೂರು ನೀರಿನ ಮೇಲೆ ತೇಲುತ್ತದೆ. ಗಾಳಿ ಜೋರಾದರೆ ಅಡುಗೆಮನೆಯ ಪಾತ್ರೆಗಳು ಸದ್ದು ಮಾಡುತ್ತವೆ, ಅಷ್ಟೇ. ಅರ್ಧ ಊರು ಸರದಿಯ ಮೇಲೆ ಕಡಲತಳಕ್ಕೆ ಕೆಲಸಕ್ಕಿಳಿಯುತ್ತದೆ, ತಿಂಗಳುಗಟ್ಟಲೆ ಮೇಲೆ ಬರುವಂತಿಲ್ಲ. ಆಗ ಅವರ ಪೂಜೆ, ಪ್ರಾರ್ಥನೆಗಳನ್ನು ಪಕ್ಕದ ಮನೆಯವರು ನಡೆಸಿಕೊಡಬೇಕು. ಇದಕ್ಕೆ ಬದಲಿಭಕ್ತಿ ಎನ್ನುತ್ತೇವೆ. ಬದಲಿಯವರು ಬೇರೆ ಮತದವರೇ ಆಗಿರಬೇಕು. ಸ್ವಂತ ಮತದವರಾದರೆ ನಮ್ಮ ಮನೆಯಲ್ಲಿ ಹೀಗಲ್ಲ ಎಂದು ತಿದ್ದಲು ಹೊರಟು ಜಗಳವೇ ಆಗುತ್ತಿತ್ತಂತೆ!

ಈ ಸಲ ಪಕ್ಕದ ಕ್ರೈಸ್ತರ ಮನೆಯ ಫಿಲೊಮಿನಾಬಾಯಿಯ ಜಪಮಾಲೆ ನನ್ನ ಪಾಲಿಗೆ ಬಂತು. ಬರೀ ಕೈಕೆಲಸವೆಂದುಕೊಂಡೇ ಕೂತೆ. ಒಂದು ಸಂಜೆ ಮಣಿ ಸರಿಸುತ್ತಿದ್ದಂತೆ ಕಣ್ಣೀರು ಧಾರಾಕಾರವಾಗಿ ಹರಿಯಿತು. ಎಂಥ ಸುಖ ಅಜ್ಜಿ! ಅಂಗೈಯಲ್ಲಿ ಲಿಂಗವಿಟ್ಟು ಕೂತಾಗ ಅಪರೂಪಕ್ಕೆ ಸಿಗುತ್ತಿದ್ದ ಸುಖವೇ ಅದು, ಒಂದೆಳೆಯೂ ಬೇರೆಯಲ್ಲ. ನಾನು ಹೆದರಿದೆ. ಯಾರ ಬಾಗಿಲು ತಟ್ಟಿದರೂ ಇದೇ ಸಿಗುವುದಾದರೆ, ಇಷ್ಟು ವರ್ಷ ನನ್ನ ಬಳಿ ಬಂದವನು ಶಿವನೆಂದು ಹೇಗೆ ಹೇಳಲಿ? ಅಸಲಿಗೆ ಯಾರೂ ಬಂದಿರಲೇ ಇಲ್ಲವೋ? ಮರುದಿನ ಲಿಂಗಪೂಜೆಗೆ ಕೂತರೆ ಬಾಯಿಂದ ಹೊರಟದ್ದು ಆ ಜಪಮಾಲೆಯ ನಮೋ ಮರಿಯೆ. ಮೊದಲು ನಗು ಬಂತು, ಆಮೇಲೆ ಅಳು.

ನನ್ನೊಬ್ಬಳ ಪಾಡಾಗಿದ್ದರೆ ಸುಮ್ಮನಿರುತ್ತಿದ್ದೆ. ಅದೇ ವಾರ ಮೊಮ್ಮಗಳು ಚಿನ್ಮಯಿಯ ಕೊರಳಿಗೆ ಲಿಂಗ ಕಟ್ಟುವುದಿತ್ತು. ಗುರುಗಳು ಇಷ್ಟು ದೂರ ಬರುವುದಿಲ್ಲ; ಮನೆಯ ಹಿರಿಯಳೇ ಕಟ್ಟಬೇಕು, ಕಟ್ಟುವ ಮುನ್ನ ನನಗೆ ಸಂಶಯವಿಲ್ಲ ಎಂದು ಎಲ್ಲರೆದುರು ಹೇಳಬೇಕು. ಹೇಳದವಳಿಗೆ ಕಟ್ಟುವ ಹಕ್ಕಿಲ್ಲ. ನೆಂಟರೆಲ್ಲ ಕಾಯುತ್ತಿದ್ದರು. ನನಗೆ ನಾಲಿಗೆ ಏಳಲಿಲ್ಲ. ಕೊನೆಗೆ, ನನಗ ಸಂಶಯ ಐತಿ ಕೂಸ, ಕಟ್ಟಲೇನು ಎಂದುಬಿಟ್ಟೆ. ಮಗಳು ತಲೆ ಮೇಲೆ ಕೈಹೊತ್ತು ಕೂತಳು. ಚಿನ್ಮಯಿ ಮಾತ್ರ ಕೊರಳು ಮುಂದೆ ಮಾಡಿ, ಕಟ್ಟು ಆಯಿ, ನನಗೂ ಐತಿ ಎಂದಳು.

ಕಟ್ಟಿದೆ. ಈಗ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೂರುತ್ತೇವೆ. ಒಮ್ಮೊಮ್ಮೆ ಏನೋ ಸಿಗುತ್ತದೆ, ಒಮ್ಮೊಮ್ಮೆ ಇಲ್ಲ. ಸಂಶಯ ಹೋಗಿಲ್ಲ, ಆದರೂ ಮನಸ್ಸು ಹಗುರಾಗಿದೆ.

ಒಂದೇ ಬೇಡಿಕೆ. ನಿಮ್ಮ ನಂಬಿಕೆ ಬಂಡೆಯಂತಿತ್ತು ಎಂದಷ್ಟೇ ನಮಗೆ ಹೇಳಿ ಬೆಳೆಸಿದ್ದಾರೆ. ಸಂಶಯವಿಲ್ಲ ಎನ್ನುವ ಪದ್ಧತಿಯೂ ನಿಮ್ಮಿಂದಲೇ ಬಂದದ್ದಂತೆ. ನಿಮಗೂ ಯಾವತ್ತಾದರೂ ನಾಲಿಗೆ ಏಳದೆ ಹೋಗಿದ್ದರೆ, ದಯವಿಟ್ಟು ಅದನ್ನೂ ಮಕ್ಕಳಿಗೆ ಹೇಳಿ ಹೋಗಿ. ಹೆದರಿ ಕೂತಿದ್ದ ಆ ವಾರ ನನಗೆ ಬೇಕಿದ್ದದ್ದು ಅದೊಂದೇ.

ನಿಮ್ಮ
ಮುಕ್ತವ್ವ