ವೆಲ್ಗಾ ಕೇಳಿದ ಬರ್ಚ್ ರಸ

ಮಾರ್ಚ್ 29, ಬೆಳಿಗ್ಗೆ

ಬರ್ಚ್ ಮರಕ್ಕೆ ತೂತು ಕೊರೆದು ಕಟ್ಟಿದ್ದ ಬಕೆಟ್ ತುಂಬಿತ್ತು. ರಸ ಶೋಧಿಸಿ ಬಾಟಲಿಗೆ ತುಂಬಿದೆ. ಎಂದಿನಂತೆ ಒಣದ್ರಾಕ್ಷಿ, ಪರಿಮಳಕ್ಕೆ ಕರಂಟ್ ಹಣ್ಣಿನ ಗಿಡದ ಕಡ್ಡಿ. ಬೂಚು ಬಿಗಿದು, ತಂತಿ ಸುತ್ತಿ, ನೆಲಮಾಳಿಗೆಯ ಮರಳಲ್ಲಿ ಮಲಗಿಸಿದೆ. ಜೂನ್‌ನ ನಡುಬೇಸಿಗೆಯ ಯಾಣಿ ಹಬ್ಬಕ್ಕೆ ಹುಳಿಯೇರಿ ನೊರೆ ಬರುತ್ತದೆ. ನನ್ನ ರಸಕ್ಕೆ ಸಮ ಇಲ್ಲ. ಊರೇ ಹೇಳುವ ಮಾತು, ನನ್ನದಲ್ಲ.

ಆಸ್ಪತ್ರೆಯಿಂದ ತಂಗಿ ವೆಲ್ಗಾ ಫೋನ್ ಮಾಡಿದ್ದಳು. ಔಷಧಿಗೆ ಬಾಯೆಲ್ಲ ಹುಣ್ಣು. ಹಬ್ಬಕ್ಕೆ ಮನೆಗೆ ಬಿಡುತ್ತಾರಂತೆ.

"ಅಕ್ಕಾ, ನಿನ್ನ ಹುಳಿ ರಸ ಬೇಡ ಕಣೇ, ಉರಿಯತ್ತೆ. ಚಿಕ್ಕೋರಿದ್ದಾಗ ಮರದ ಕೆಳಗೇ ನಿಂತು ಕುಡೀತಿದ್ವಲ್ಲ, ಅದು ಬೇಕು. ಬೇರೇನೂ ಸೇರ್ತಿಲ್ಲ."

"ಜೂನಲ್ಲಿ ಮರ ರಸ ಕೊಡತ್ತೇನೇ?"

"ಊರಿಗೆಲ್ಲ ಬುದ್ಧಿ ಹೇಳೋಳು ನೀನಿದೀಯಲ್ಲ!"

ಆಗಲಿ ಎಂದುಬಿಟ್ಟೆ. ಅಂದ ಮೇಲೆ ಮುಗಿಯಿತು.

ಏಪ್ರಿಲ್ 2

ಹುಳಿಯಾಗದಂತೆ ಇಡುವುದು ಹೇಗೆ? ಒಣದ್ರಾಕ್ಷಿ ಹಾಕದೆ ಒಂದು ಬಾಟಲಿಯನ್ನು ಬಾವಿಗೆ ಇಳಿಬಿಟ್ಟೆ. ಇನ್ನೊಂದನ್ನು ಕುದಿಸಿಟ್ಟೆ. ಸೊಸೆ ಸರ್ಮೀತೆ ರಸವನ್ನು ನಾಲ್ಕು ಪ್ಲಾಸ್ಟಿಕ್ ಬಾಟಲಿಗಳಿಗೆ ತುಂಬಿ ಫ್ರೀಜರ್‌ಗೆ ತುರುಕುತ್ತಿದ್ದಳು.

"ಹಂದಿಮಾಂಸದ ಪಕ್ಕ ಮಲಗಿದ ರಸ. ಯಾರು ಕುಡೀತಾರೆ?"

"ನಿಮ್ಮ ನೆಲಮಾಳಿಗೆ ಆಲೂಗಡ್ಡೆ ವಾಸನೆಗಿಂತ ವಾಸಿ ಬಿಡಿ ಅತ್ತೆ."

ನಾಲಿಗೆ ಉದ್ದ ಇವಳದು.

ಏಪ್ರಿಲ್ 21

ಮೊಗ್ಗು ಬಿರಿದವು. ರಸ ಕಹಿ. ಮರದ ತೂತಿಗೆ ಬೆಣೆ ಹೊಡೆದೆ. ಇನ್ನು ಅದರ ರಸ ಅದಕ್ಕೇ ಬೇಕು.

ಬಾವಿಯ ಬಾಟಲಿ ಎಳೆದೆ. ಮಬ್ಬು, ಲೋಳೆ. ಅಷ್ಟು ತಣ್ಣಗಿದ್ದೂ ಏಕೆ ಕೆಟ್ಟಿತು? ಕುದಿಸಿದ್ದು ಕೆಟ್ಟಿಲ್ಲ. ಆದರೆ ಸೊಪ್ಪು ಬೇಯಿಸಿದ ನೀರಿನ ರುಚಿ.

ಉಳಿದದ್ದು ಫ್ರೀಜರ್. ನಾನಾಗಿ ಕೇಳುವುದಿಲ್ಲ.

ಜೂನ್ 8

ಸರ್ಮೀತೆ ಸಂತೆಗೆ ಹೋಗಿದ್ದಳು. ಅವಳದೊಂದು ಬಾಟಲಿ ತೆಗೆದು ಕಿಟಕಿಯಲ್ಲಿಟ್ಟೆ. ಸುತ್ತ ಸ್ವಲ್ಪ ಕರಗಿತು. ಬಗ್ಗಿಸಿಕೊಂಡು ಕುಡಿದೆ.

ಮರದಿಂದ ಇಳಿದದ್ದಕ್ಕಿಂತ ಸಿಹಿ! ಇದು ಹೇಗೆ... ಕರಗಿದಂತೆಲ್ಲ ಇನ್ನೊಂದು ಲೋಟ. ಮತ್ತೊಂದು. ಉಳಿದ ಮಂಜುಗಡ್ಡೆಯನ್ನು ಮತ್ತೆ ಫ್ರೀಜರ್‌ ಒಳಗಿಟ್ಟೆ. ಯಾರಿಗೂ ಹೇಳಲಿಲ್ಲ.

ಜೂನ್ 16

ವೆಲ್ಗಾಳಿಗೆ ಕೊಡುವ ಮೊದಲು ನೋಡೋಣವೆಂದು ಸರ್ಮೀತೆ ಒಂದು ಬಾಟಲಿ ಕರಗಿಸಿದಳು. ನಾನು ಕುಡಿದಿಟ್ಟದ್ದೇ ಅದು.

"ಅಯ್ಯೋ, ಬರೀ ನೀರು ಅತ್ತೆ! ನೀವೇ ಗೆದ್ರಿ. ಎಲ್ಲಾ ಚೆಲ್ಲಿಬಿಡ್ತೀನಿ, ಹಬ್ಬದ ಮಾಂಸಕ್ಕಾದ್ರೂ ಜಾಗ ಆಗತ್ತೆ."

ಖುಷಿಯಾಗಬೇಕಿತ್ತು. ಆಗಲಿಲ್ಲ. ಅದೇ ಬಾಟಲಿಯಿಂದ ನಾನು ಜೇನು ಕುಡಿದಿದ್ದೆ.

"ತಾಳು" ಎಂದೆ. ಇನ್ನೊಂದನ್ನು ಬಟ್ಟಲಲ್ಲಿ ಕರಗಲಿಟ್ಟು, ಕರಗಿದಷ್ಟನ್ನೂ ಆಗಾಗ ಬಸಿದು ಚಮಚದಲ್ಲಿ ಕುಡಿಯುತ್ತ ಕೂತೆ. ಮೊದಲು ಜೇನು. ಆಮೇಲೆ ಮರ. ಕೊನೆಗೆ ಬರೀ ಬಾವಿ ನೀರು. ಸಿಹಿಯೇ ಮುಂದಾಗಿ ಇಳಿಯುತ್ತದೆ, ನೀರು ಗಡ್ಡೆಯಾಗಿ ಕೂತಿರುತ್ತದೆ!

"ಚೆಲ್ಬೇಡ. ಆ ಬಾಟ್ಲೀದು ಸಿಹಿ ನಾನೇ ಕುಡಿದೆ."

ಸರ್ಮೀತೆಗೆ ನಗು ತಡೆಯಲಾಗಲಿಲ್ಲ.

"ಮನೇಲಿ ಬೆಕ್ಕಿಲ್ಲ ಅನ್ಕೊಂಡಿದ್ದೆ. ಫ್ರೀಜರ್‌ಗೆ ಬೀಗ ಹಾಕ್ಬೇಕಿತ್ತು!"

ಗದರಿದೆ. ಉಳಿದಿರುವುದು ಎರಡೇ ಬಾಟಲಿ.

ಜೂನ್ 23, ಸಂಜೆ

ವೆಲ್ಗಾ ಬಂದಳು. ಹಬ್ಬಕ್ಕೆ ಮುಡಿಸಿದ ಹೂವಿನ ಕಿರೀಟ ಕಿವಿಯವರೆಗೂ ಜಾರುತ್ತದೆ, ಅಷ್ಟು ಸೊರಗಿದ್ದಾಳೆ.

ಮೊದಲ ಸಿಹಿಯನ್ನಷ್ಟೇ ಬಸಿದು ಕೊಡೋಣ ಎಂದಳು ಸರ್ಮೀತೆ. ಬೇಡ ಎಂದೆ. ವೆಲ್ಗಾ ಕೇಳಿದ್ದು ಪಾಕವಲ್ಲ, ಮರದ ರಸ. ಪೂರ್ತಿ ಕರಗಿಸಿ, ಅಲುಗಿಸಿ, ತಗಡಿನ ಲೋಟಕ್ಕೆ ಬಗ್ಗಿಸಿದೆ. ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡಳು. ಮುಖ ಕಿವುಚಲಿಲ್ಲ.

"ಅದೇ ಅಕ್ಕಾ! ಆಗೆಲ್ಲ ನನ್ನ ತಳ್ಳಿ ನೀನೇ ಮೊದ್ಲು ಕುಡೀತಿದ್ದೆ. ಈ ಸಲ ನಾನು ಮೊದ್ಲು."

"ಹೂಂ" ಎಂದೆ. ಬಾಗಿಲ ಬಳಿ ಸರ್ಮೀತೆ ಜೋರಾಗಿ ಕೆಮ್ಮಿದಳು.

ಅಂಗಳದಲ್ಲಿ ಊರಿನವರು ನೆಲಮಾಳಿಗೆಯ ಬಾಟಲಿ ಕೇಳುತ್ತಿದ್ದಾರೆ. ಕಾಯಲಿ. ವೆಲ್ಗಾ ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಳೆ. ಕೊನೆಯ ಬಾಟಲಿ ಕಿಟಕಿಯಲ್ಲಿದೆ, ಇನ್ನೇನು ಕರಗಿತು.

ಕಣ್ಣು ಬಿಟ್ಟಳು. ಕೈ ಲೋಟ ಹುಡುಕುತ್ತಿದೆ. ಮೊದಲು ಚೆನ್ನಾಗಿ ಅಲುಗಿಸಬೇಕು, ಇಲ್ಲದಿದ್ದರೆ ಸಿಹಿಯೆಲ್ಲ ಒಂದೇ ಲೋಟಕ್ಕೆ ಬೀಳುತ್ತದೆ. ಬರೆದದ್ದು ಸಾಕು, ಎದ್ದೆ.