ಅಪ್ಪನ ಮರದ ಮುಖವಾಡ

ಅಪ್ಪ,

ಇವತ್ತು ಫಾಸ್ನೆಟ್ ಹಬ್ಬದ ವೇಷದ ಮೆರವಣಿಗೆಯಲ್ಲಿ ನಿನ್ನ ಮರದ ಮುಖವಾಡ ಹಾಕಿಕೊಂಡು ನಡೆದೆ. ನೀನು ತೀರಿಕೊಂಡ ಮೇಲೆ ವೇಷದ ಸಂಘದವರು ಅದನ್ನು ನನಗೆ ತಂದುಕೊಟ್ಟಿದ್ದರು. ವೇಷದ ಗಂಟೆಗಳನ್ನು ಪೋಣಿಸಿದ ಪಟ್ಟಿಯ ಭಾರ ಹೆಗಲನ್ನು ಒತ್ತುತ್ತಿತ್ತು. ಬೇರೇನೂ ಅನ್ನಿಸಲಿಲ್ಲ.

ಕಾರಂಜಿಯ ಬಳಿ ನಿನ್ನ ಗೆಳೆಯ ಎಗೋನ್ ಮಾಮ ನನ್ನ ತೋಳು ಹಿಡಿದರು. ನೀನಿಲ್ಲವೆಂದು ಎಷ್ಟು ಸಲ ಹೇಳಿದರೂ ಅವರಿಗೆ ನೆನಪು ನಿಲ್ಲುವುದಿಲ್ಲ. ಮುಖವಾಡ ನೋಡಿ ನೀನೇ ಎಂದುಕೊಂಡರು.

"ಏನೋ ಬೆರ್ತೋಲ್ಡ್, ವೇಷ ಹಾಕ್ಕೊಂಡು ಮಗಳ ಅಂಗಡಿಗೆ ಹೋಗ್ತೀನಿ ಅಂದಿದ್ದೆ. ಹೋದ್ಯಾ?"

ವೇಷದವರು ದನಿ ಬದಲಿಸಿಯೇ ಮಾತಾಡಬೇಕಲ್ಲ. "ಹೋಗಿದ್ದೆ" ಎಂದು ಕೀರಲು ದನಿಯಲ್ಲಿ ಹೇಳಿದೆ.

"ಆರು ವರ್ಷದಿಂದ ಮಾತು ಬಿಟ್ಟೋಳು, ಗುರುತು ಹಿಡಿದ್ಲಾ?"

"ಹಿಡಿದ್ಲು."

"ಒಳಗೆ ಕರೆದ್ಲಾ, ಆ ಮೊಂಡಿ?"

ಹೋದ ವರ್ಷ ನೀನು ಇದೇ ಮುಖವಾಡದಲ್ಲಿ, ಎಂದಿನಂತೆ ಎಡಗಾಲು ಎಳೆಯುತ್ತ ಅಂಗಡಿಗೆ ಬಂದು ನನ್ನ ಕೈಯಲ್ಲಿ ಒಂದು ಮಿಠಾಯಿ ಇಟ್ಟೆ. ಎಲ್ಲ ವೇಷದವರಿಗೂ ಹೇಳುವ ಹಾಗೆ ಥ್ಯಾಂಕ್ಸ್ ಹೇಳಿ, ನಾನು ಮುಂದಿನ ಗಿರಾಕಿಗೆ ಬ್ರೆಡ್ಡು ಕಟ್ಟತೊಡಗಿದೆ. ನೀನು ಸ್ವಲ್ಪ ಹೊತ್ತು ನಿಂತಿದ್ದೆ.

ಎಗೋನ್ ಮಾಮ ಉತ್ತರಕ್ಕೆ ಕಾಯುತ್ತಿದ್ದರು.

"ಕರೆದ್ಲು. ಕಾಫಿ ಕೊಟ್ಲು" ಎಂದೆ.

ಅವರು ಹೆಂಡತಿಯ ಕಡೆ ತಿರುಗಿದರು. "ಕೇಳಿದ್ಯೇನೇ? ಅಪ್ಪ ಮಗಳು ಒಂದಾದ್ರಂತೆ."

ಅತ್ತೆ ನನ್ನ ಕಡೆ ನೋಡದೆ ಅವರ ಮಫ್ಲರ್ ಸರಿಮಾಡಿದರು.

ಹಿಲ್ಟ್ರುಡ್