ತಂತಿಯೂ ಅವರದೇ, ಜನರೇಟರೂ ಅವರದೇ

ನಾಗಸಂದ್ರ, ಬೆಂಗಳೂರು
ಶನಿವಾರ, 12-4-2025

ಪ್ರೀತಿಯ ಮಾವನವರಿಗೆ,

ಶರಣು. ಮಂಡಿನೋವು ಹೇಗಿದೆ? ದಾವಣಗೆರೆಯಲ್ಲಿ ಮಗಳ ಕೈಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದೀರೋ, ಇಲ್ಲ ಮಂಡಕ್ಕಿ-ಮಿರ್ಚಿಯಲ್ಲಿ ಎಲ್ಲ ಮರೆತಿದ್ದೀರೋ? ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ಕರೆಂಟು ಹಂಚುವ ಕಂಪನಿ ತಾನೇ ಒಂದು ವಿದ್ಯುತ್ ಸ್ಥಾವರ ಕಟ್ಟುತ್ತೇನೆ, ಅದರ ಖರ್ಚನ್ನು ನಮ್ಮ ದರಕ್ಕೆ ಸೇರಿಸಿ ಎಂದು ಕರೆಂಟಿನ ದರ ನಿಗದಿ ಮಾಡುವ ಆಯೋಗವನ್ನು ಕೇಳಿದೆ. 24ರ ಗುರುವಾರ ಸಾರ್ವಜನಿಕ ವಿಚಾರಣೆ. ಅಲ್ಲಿ ಬೇಡವೆಂದು ಹೇಳುತ್ತೇನೆ ಎಂದದ್ದಕ್ಕೆ, "ನಮ್ಮನಿ ಸೊಸೆನೇ ನಮ್ಮ ಇಲಾಖೆ ಮ್ಯಾಲೆ ಬಾಯಿ ಮಾಡದಾ? ಆ ಅನ್ನ ಉಂಡೇ ನಿನ್ ಗಂಡ ಬೆಳದಿದ್ದು" ಎಂದು ಫೋನಿಟ್ಟುಬಿಟ್ಟಿರಿ. ತುಂಬಾ ನೋವಾಯಿತು, ಅತ್ತುಬಿಟ್ಟೆ. ಆದರೆ ಮನಸ್ಸು ಬದಲಾಗಲಿಲ್ಲ.

ಪೀಣ್ಯದಲ್ಲಿ ನಮ್ಮ ಮುಚ್ಚಳ ತಯಾರಿಸುವ ಶೆಡ್ಡನ್ನು ನೀವು ನೋಡಿದ್ದೀರಿ. ಕಟ್ಟಡದ ಮಾಲೀಕ ದೇವರಾಜ್ ಕೆಟ್ಟವನಲ್ಲ, ಶೆಡ್ಡಿನ ಪೂಜೆಗೆ ಬಾಳೆಕಂದು ತಂದು ಕಟ್ಟಿಸಿದವನೇ ಅವನು. ಕರೆಂಟು ಹೋದರೆ ಕಾಯಿಸಿದ ಪ್ಲಾಸ್ಟಿಕ್ ಯಂತ್ರದೊಳಗೇ ಗಟ್ಟಿಯಾಗುತ್ತದೆ, ಹಾಗಾಗಿ ಕಟ್ಟಡದಲ್ಲಿ ಬಾಡಿಗೆಗಿರುವ ಎಲ್ಲರೂ ಅವನ ಜನರೇಟರಿನ ಕರೆಂಟನ್ನು ದುಬಾರಿಯಾದರೂ ಕೊಳ್ಳುತ್ತೇವೆ. ಕಳೆದ ವಾರ ಬೀದಿಗೆಲ್ಲ ಕರೆಂಟಿತ್ತು, ನಮ್ಮ ಕಟ್ಟಡದ ಫ್ಯೂಸ್ ಮಾತ್ರ ಹೋಗಿತ್ತು. ಲೈನ್‌ಮ್ಯಾನ್‌ಗೆ ಹೇಳಪ್ಪಾ ಎಂದು ದೇವರಾಜ್‌ಗೆ ಅಂದರೆ, "ಜನರೇಟರ್ ಓಡ್ತಿದ್ಯಲ್ಲಕ್ಕಾ, ಏನ್ ಅರ್ಜೆಂಟು?" ಎಂದ. ಕೊನೆಗೆ ನಾನೇ ಕರೆಸಿದೆ. ಲೈನ್‌ಮ್ಯಾನ್ ಬಂದು, ನಾವು ಚಹಾ ಕುಡಿದು ಮುಗಿಸುವುದರೊಳಗೆ ಸರಿಮಾಡಿ ಹೋದ.

ಆವತ್ತೇ ನನಗೆ ಅರ್ಥವಾಯಿತು. ತಂತಿ ಕೈಯಲ್ಲಿರುವವನಿಗೆ ಜನರೇಟರೂ ಇದ್ದರೆ, ಹೊರಗೆ ಅಗ್ಗದ ಕರೆಂಟು ಇದೆಯಾ ಎಂದು ಅವನು ಯಾಕೆ ಹುಡುಕುತ್ತಾನೆ? ಬೇಸಿಗೆಯಲ್ಲಿ ಖಾಸಗಿಯವರು ಬಾಯಿಗೆ ಬಂದ ದರ ಹೇಳುತ್ತಾರೆ, ಸ್ವಂತ ಸ್ಥಾವರವಿದ್ದರೆ ಕೈಹಿಡಿಯುತ್ತದೆ ಎನ್ನುತ್ತೀರಿ. ಇರಬಹುದು ಮಾವ, ಅದನ್ನು ಸುಳ್ಳೆನ್ನುವುದಿಲ್ಲ. ಆದರೆ ದೇವರಾಜ್ ಜನರೇಟರ್ ತಂದಾಗ ಹೇಳಿದ್ದೂ ಇದನ್ನೇ. ಸ್ಥಾವರ ಸುಮ್ಮನೆ ನಿಂತರೂ ಅದರ ಖರ್ಚು ನಮ್ಮ ಬಿಲ್ಲಿಗೇ ಬರುತ್ತದೆ. ನೀವು ಕಂಬ ಹತ್ತಿ ದುಡಿದ ಇಲಾಖೆಯ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗೌರವ ಬೇರೆ, ಬಾಯಿ ಮುಚ್ಚಿಕೊಂಡಿರುವುದು ಬೇರೆ. ನಾನು ಹೋಗುತ್ತೇನೆ, ಮಾತಾಡುತ್ತೇನೆ.

ಗುಳಿಗೆ ತಪ್ಪಿಸಬೇಡಿ. ಅಲ್ಲಿ ಎಲ್ಲರಿಗೂ ನಮ್ಮ ನೆನಪು ತಿಳಿಸಿ.

ನಿಮ್ಮ ಹಟಮಾರಿ ಸೊಸೆ,
ಉಮಾಶ್ರೀ

ತಾ.ಕ.: ವಿಚಾರಣೆಯಲ್ಲಿ ಮಾತಾಡುವವರ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೇ ನಿಮ್ಮ ಹೆಸರನ್ನೂ ಬರೆಸಿದ್ದೇನೆ, ಸ್ಥಾವರ ಬೇಕು ಎನ್ನುವ ಕಡೆಗೆ. ನಿಮ್ಮ ಮಗ ಈರೇಶ್ 23ರ ಬುಧವಾರದ ರೈಲಿಗೆ ನಿಮ್ಮ ಟಿಕೆಟ್ ಮಾಡಿಸಿದ್ದಾರೆ. ನಾನು ತಪ್ಪು ಹೇಳಿದರೆ ಅಲ್ಲೇ ಎದ್ದು ನಿಂತು ತಿದ್ದಿ. ಬರದಿದ್ದರೆ, ಮಾವನವರೂ ನನ್ನ ಮಾತು ಒಪ್ಪಿದ್ದಾರೆ ಎಂದು ಎಲ್ಲರೆದುರು ಹೇಳಿಬಿಡುತ್ತೇನೆ.